ತಂದೆತಾಯಿಗಳ ಸನ್ಮಾನವೆಂಬ ಆಜ್ಞೆ: ಅದರ ಅರ್ಥವೂ ಮಂಗಳೂರಿನಲ್ಲಿ ಅದಕ್ಕೊದಗಿದ ಪರೀಕ್ಷೆಯೂ

ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ದೊರೆತುವೆಂದು ಬೈಬಲಿನಲ್ಲಿ ಹೇಳಿರುವ ದಶಾಜ್ಞೆಗಳಲ್ಲಿ ತಂದೆತಾಯಿಗಳ ವಿಷಯವಾದ ಆಜ್ಞೆಯು ನಿಂತಿರುವ ಸ್ಥಾನವೇ ಒಂದು ವಿಶೇಷ. ಅದರ ಹಿಂದಿನವೆಲ್ಲವೂ ದೇವರಿಗೆ ಸಲ್ಲತಕ್ಕ ಕರ್ತವ್ಯಗಳನ್ನು ವಿಧಿಸುವುವು. ಮುಂದಿನವೆಲ್ಲವೂ ನೆರೆಯವನ ಪ್ರಾಣ, ಪತ್ನಿ, ಸೊತ್ತು, ಹೆಸರುಗಳಿಗೆ ಕೇಡು ಮಾಡಕೂಡದೆಂದು ನಿಷೇಧಿಸುವುವು. ಇವೆರಡರ ನಡುವಣ ಹೊಸ್ತಿಲಲ್ಲಿ ತಂದೆತಾಯಿಗಳು ನಿಂತಿದ್ದಾರೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ಅಲೆಕ್ಸಾಂಡ್ರಿಯದ ಯೆಹೂದ್ಯ ತತ್ತ್ವಜ್ಞಾನಿ ಫಿಲೋ ಎಂಬವನು ಇದನ್ನು ಕಂಡು, ಜನ್ಮವನ್ನು ಕೊಡುವವರಾದ್ದರಿಂದ ತಂದೆತಾಯಿಗಳು ಮರ್ತ್ಯಕ್ಕೂ ಅಮರ್ತ್ಯಕ್ಕೂ ನಡುವಣ ಗಡಿಯಲ್ಲಿರುವರೆಂದು ವ್ಯಾಖ್ಯಾನಿಸಿದನು. ಈ ಆಜ್ಞೆಯ ಎಣಿಕೆಯಲ್ಲಿಯೂ ಕ್ರೈಸ್ತರೊಳಗೆ ಒಮ್ಮತವಿಲ್ಲ. ರೋಮನ್ ಕಥೋಲಿಕರಿಗೂ ಲೂಥರನ ಪಂಥದವರಿಗೂ ಇದು ನಾಲ್ಕನೆಯದು. ಸುಧಾರಿತ ಪಂಥದವರಿಗೂ ಆಂಗ್ಲಿಕನರಿಗೂ ಐದನೆಯದು. ವಿಗ್ರಹನಿಷೇಧವನ್ನು ಬೇರೆ ಆಜ್ಞೆಯಾಗಿ ಎಣಿಸುವುದೋ ಮೊದಲನೆಯದರಲ್ಲಿ ಅಡಕಮಾಡುವುದೋ ಎಂಬ ಭೇದದಿಂದ ಈ ವ್ಯತ್ಯಾಸವು ಹುಟ್ಟಿದೆ. ಅರ್ಥದಲ್ಲಿ ಅದರಿಂದ ಹೆಚ್ಚುಕಡಿಮೆಯೇನೂ ಆಗದು.

ಅರ್ಥದಲ್ಲಿ ತೊಡಕು ಹುಟ್ಟುವುದು ಬೇರೊಂದು ಕಡೆಯಲ್ಲಿ. ತಂದೆತಾಯಿಗಳನ್ನು ಸನ್ಮಾನಿಸು ಎಂದು ಬೋಧಿಸುವ ಮತವೇ ತಂದೆತಾಯಿಗಳ ಇಚ್ಛೆಗೆ ವಿರೋಧವಾಗಿ ಒಬ್ಬ ಮಗನನ್ನು ತನ್ನೊಳಕ್ಕೆ ಬರಮಾಡಿಕೊಂಡಾಗ ಆ ಆಜ್ಞೆಯ ಗತಿಯೇನು? ಹತ್ತೊಂಬತ್ತನೆಯ ಶತಮಾನದ ಮಂಗಳೂರಿನಲ್ಲಿ ಈ ಪ್ರಶ್ನೆಯು ಗ್ರಂಥಸ್ಥವಾಗಿ ಉಳಿಯದೆ ಬೀದಿಗೆ ಬಂದಿತು. ಅದನ್ನು ವಿಚಾರಿಸುವುದಕ್ಕೆ ಮುಂಚೆ ಮೂಲವಚನಗಳ ಶಬ್ದಗಳನ್ನು ನೋಡಿಕೊಳ್ಳುವುದು ಅವಶ್ಯ. ಏಕೆಂದರೆ ವಿವಾದವು ಬಹುಮಟ್ಟಿಗೆ ಎರಡು ಕ್ರಿಯಾಪದಗಳ ನಡುವಣ ಅಂತರವನ್ನು ಅವಲಂಬಿಸಿದೆ.

ವಿಮೋಚನಕಾಂಡದ ೨೦ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ ೫ನೆಯ ಅಧ್ಯಾಯದಲ್ಲಿಯೂ ಬರುವ ಇಬ್ರಿಯ ಕ್ರಿಯಾಪದವು ‘ಕಬ್ಬೇದ್’ ಎಂಬುದು. ಅದರ ಧಾತುವಿಗೆ ಭಾರವಾಗಿರು, ತೂಕವುಳ್ಳದ್ದಾಗಿರು ಎಂದು ಅರ್ಥ. ದೇವರ ಮಹಿಮೆಯನ್ನು ಹೇಳುವ ‘ಕಾಬೋದ್’ ಎಂಬ ನಾಮಪದವೂ ಇದರಿಂದಲೇ ಬಂದದ್ದು. ತಂದೆತಾಯಿಗಳನ್ನು ಹಗುರವಾಗಿ ಕಾಣದೆ ಘನವಾಗಿ ಎಣಿಸಬೇಕೆಂಬುದು ಮೂಲದ ಭಾವ. ನಮ್ಮ ‘ಗುರು’ ಶಬ್ದದಲ್ಲಿಯೂ ಭಾರವೂ ಪೂಜ್ಯತೆಯೂ ಒಂದೇ ಕಡೆ ಸೇರಿರುವುದನ್ನು ಇಲ್ಲಿ ನೆನೆಯಬಹುದು. ಕನ್ನಡ ಬೈಬಲಿನವರು ಇದಕ್ಕೆ ‘ಸನ್ಮಾನಿಸು’ ಎಂಬ ಪದವನ್ನಿಟ್ಟಿದ್ದಾರೆ. ಪದವು ಅಸಮರ್ಪಕವಲ್ಲ; ಆದರೆ ಶಾಲುಹೊದಿಸಿ ಹಾರಹಾಕುವುದಕ್ಕೆ ಆ ಶಬ್ದವು ಇಂದು ಮೀಸಲಾಗಿ ಹೋಗಿರುವುದರಿಂದ ಅದರ ತೂಕವು ಸ್ವಲ್ಪ ಇಳಿದಿದೆ.

ಈ ಆಜ್ಞೆಯು ಮೊದಲು ಯಾರಿಗೆ ಹೇಳಲ್ಪಟ್ಟಿತೆಂಬುದನ್ನು ಮರೆಯಬಾರದು. ದಶಾಜ್ಞೆಗಳು ಹೊಲಮನೆಗಳುಳ್ಳ, ಆಳುಕಾಳುಗಳುಳ್ಳ, ಸಾಕ್ಷಿಹೇಳತಕ್ಕ ವಯಸ್ಕರನ್ನು ಉದ್ದೇಶಿಸಿದವು. ಆದ್ದರಿಂದ ಇಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿರುವುದು ಪಾಟಿಚೀಲದ ಹುಡುಗನ ತಂಟೆಯಲ್ಲ. ದುಡಿಯುವ ಶಕ್ತಿಯುಡುಗಿದ ಮುದಿ ತಂದೆತಾಯಿಗಳ ಪೋಷಣೆ. ಯೆಹೂದ್ಯರ ತಾಲ್ಮೂದಿನ ವಿವರಣೆ ಇದಕ್ಕೆ ಅನುಗುಣವಾಗಿಯೇ ಇದೆ. ಯಾಜಕಕಾಂಡದ ೧೯ನೆಯ ಅಧ್ಯಾಯದಲ್ಲಿ ತಂದೆತಾಯಿಗಳಿಗೆ ಭಯಪಡಬೇಕೆಂದು ಬಂದಿರುವುದನ್ನೂ ಈ ಆಜ್ಞೆಯನ್ನೂ ಜೊತೆಗಿಟ್ಟು ರಬ್ಬಿಗಳು ವಿಂಗಡಿಸಿದರು: ತಂದೆ ಕುಳಿತುಕೊಳ್ಳುವ ಸ್ಥಾನದಲ್ಲಿ ಕುಳಿತುಕೊಳ್ಳದಿರುವುದು, ಅವನ ಮಾತಿಗೆ ಎದುರಾಡದಿರುವುದು ಭಯ; ಉಣ್ಣಿಸುವುದು, ಕುಡಿಸುವುದು, ಉಡಿಸುವುದು, ಹೊದಿಸುವುದು, ಕೈಹಿಡಿದು ಒಳಹೊರಗೆ ನಡಸುವುದು ಸನ್ಮಾನ. ಇಷ್ಟು ನೇರವಾದ ವ್ಯಾಖ್ಯಾನವು ಮುಂದಿನ ಕ್ರೈಸ್ತ ಗ್ರಂಥಗಳಲ್ಲಿ ಅಪರೂಪ.

ಹೊಸ ಒಡಂಬಡಿಕೆಯಲ್ಲಿ ಪೌಲನ ಹೆಸರಿನಲ್ಲಿರುವ ಎಫೆಸದವರ ಪತ್ರಿಕೆಯು ಈ ಆಜ್ಞೆಯನ್ನು ಎತ್ತಿಕೊಳ್ಳುವಾಗ ಎರಡನೆಯ ಕ್ರಿಯಾಪದವೊಂದು ಪ್ರವೇಶಿಸುತ್ತದೆ. ಮಕ್ಕಳಿಗೆ ಹೇಳಿದ್ದು ಗ್ರೀಕಿನಲ್ಲಿ ‘ಹುಪಕೂವೆತೆ’ ಎಂದು. ಕೇಳು ಎಂಬರ್ಥದ ಧಾತುವಿಗೆ ಕೆಳಗೆ ಎಂಬರ್ಥದ ಉಪಸರ್ಗವು ಸೇರಿ ಆದ ಪದವಿದು: ತಲೆಬಾಗಿಸಿ ಕಿವಿಗೊಡುವುದು. ಇಬ್ರಿಯದಲ್ಲಿಯೂ ಕೇಳುವುದಕ್ಕೂ ವಿಧೇಯನಾಗುವುದಕ್ಕೂ ಒಂದೇ ಪದ. ಕನ್ನಡವು ಈ ವಿಷಯದಲ್ಲಿ ಭಾಷಾಂತರಕಾರರಿಗೆ ಬಹಳ ಉಪಕಾರಮಾಡಿದೆ. ‘ಮಾತು ಕೇಳು’ ಎಂದರೆ ಕಿವಿಯಿಂದ ಕೇಳುವುದೆಂದು ಯಾವ ಕನ್ನಡ ತಾಯಿಯೂ ಅರ್ಥಮಾಡಳು. ‘ವಿಧೇಯ’ ಎಂಬ ಸಂಸ್ಕೃತ ಶಬ್ದವು ಕೈಯಲ್ಲಿದ್ದರೂ ರೂಢಿಯಲ್ಲಿರುವ ಕನ್ನಡ ಬೈಬಲು ಈ ಸ್ಥಳದಲ್ಲಿ ಮನೆಮಾತಿನ ನುಡಿಗಟ್ಟನ್ನೇ ಹಿಡಿದಿರುವುದು ಮೆಚ್ಚತಕ್ಕದ್ದು.

ಸನ್ಮಾನಿಸುವುದೂ ಮಾತುಕೇಳುವುದೂ ಒಂದೇ ಅಲ್ಲ. ಮಾತು ಕೇಳಬೇಕೆಂಬ ವಿಧಿಯು ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಸೇರಿದ್ದು. ಸನ್ಮಾನದ ವಿಧಿಗೆ ವಯಸ್ಸಿನ ಮಿತಿಯಿಲ್ಲ. ಮೊದಲನೆಯದಕ್ಕೆ ಒಂದು ಎಲ್ಲೆಯನ್ನೂ ಪೌಲನು ಹಾಕಿರುವಂತೆ ಕಾಣುತ್ತದೆ. ‘ಕರ್ತನಲ್ಲಿ’ ಎಂಬ ಪದವು ಅಲ್ಲಿದೆ. ಕರ್ತನಿಗೆ ಒಪ್ಪುವಷ್ಟರಮಟ್ಟಿಗೆ ತಂದೆತಾಯಿಗಳ ಮಾತು ಕೇಳಬೇಕೆಂದು ಇದನ್ನು ಎಲ್ಲೆಯಾಗಿ ಓದಬಹುದು. ಕರ್ತನಿಗೆ ಸೇರಿದವರಾದ್ದರಿಂದ ಕೇಳಬೇಕೆಂದು ಕಾರಣವಾಗಿಯೂ ಓದಬಹುದು. ಕನ್ನಡದಲ್ಲಿ ಎರಡನೆಯ ಅರ್ಥದ ಕಡೆಗೆ ವಾಲಿದೆ. ವಾಟಿಕನ್ ಪ್ರತಿಯೇ ಮೊದಲಾದ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಪದವೇ ಇಲ್ಲ. ಕೊಲೊಸ್ಸೆಯವರ ಪತ್ರಿಕೆಯ ಸಮಾನಸ್ಥಳದಲ್ಲಿಯಂತೂ ಎಲ್ಲಾ ವಿಷಯಗಳಲ್ಲಿಯೂ ಕೇಳಬೇಕೆಂದಿದೆ. ಹೀಗಿರುವಾಗ ಒಂದು ಪದದ ಮೇಲೆ ಇಡೀ ಎಲ್ಲೆಯನ್ನು ಕಟ್ಟುವುದು ಯುಕ್ತವಲ್ಲ. ಎಲ್ಲೆಗೆ ಗಟ್ಟಿಯಾದ ಆಧಾರವು ಮತ್ತೊಂದೆಡೆ ಇದೆ: ಯಾಜಕಕಾಂಡದ ಅದೇ ವಾಕ್ಯದ ಉತ್ತರಾರ್ಧದಲ್ಲಿ ದೇವರ ಸಬ್ಬತ್ತನ್ನು ಕಾಯಬೇಕೆಂಬ ಆದೇಶವು ಬರುವುದರಿಂದ, ಸಬ್ಬತ್ತನ್ನು ಮೀರೆಂದು ತಂದೆಯೇ ಹೇಳಿದರೂ ಕೇಳಬಾರದೆಂದು ರಬ್ಬಿಗಳು ಬಹಳ ಹಿಂದೆಯೇ ತೀರ್ಮಾನಿಸಿದ್ದರು. ತಂದೆಯೂ ಮಗನೂ ಇಬ್ಬರೂ ಒಬ್ಬನಿಗೆ ಅಧೀನರೆಂಬುದು ಅವರ ತರ್ಕ.

ಸುವಾರ್ತೆಗಳಲ್ಲಿ ಈ ಎರಡು ಎಳೆಗಳೂ ಒಂದರೊಡನೊಂದು ಹೆಣೆದುಕೊಂಡಿವೆ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಹಿಂದುಳಿದು ತಾಯಿಯನ್ನು ಕಂಗೆಡಿಸಿದನೆಂದೂ, ಆಮೇಲೆ ನಜರೇತಿಗೆ ಬಂದು ತಂದೆತಾಯಿಗಳಿಗೆ ಅಧೀನನಾಗಿದ್ದನೆಂದೂ ಲೂಕನು ಒಂದೇ ಪ್ರಸಂಗದಲ್ಲಿ ಹೇಳಿದ್ದಾನೆ. ತಂದೆಯನ್ನು ಹೂಳಿಬರಲು ಅಪ್ಪಣೆ ಬೇಡಿದ ಶಿಷ್ಯನಿಗೆ ಯೇಸು ಅದನ್ನು ಕೊಡಲಿಲ್ಲ. ತಂದೆತಾಯಿಗಳನ್ನು ದ್ವೇಷಿಸದವನು ತನ್ನ ಶಿಷ್ಯನಾಗಲಾರನೆಂಬ ಕಠೋರವಾದ ಮಾತೂ ಲೂಕನಲ್ಲಿದೆ. ಇಬ್ರಿಯ ವಾಗ್ರೂಢಿಯಲ್ಲಿ ದ್ವೇಷಿಸುವುದೆಂದರೆ ಮತ್ತೊಬ್ಬನಿಗಿಂತ ಕಡಿಮೆಯಾಗಿ ಪ್ರೀತಿಸುವುದೆಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಮತ್ತಾಯನ ಪಾಠವು ಈ ಸಮಾಧಾನವನ್ನು ಸಮರ್ಥಿಸುವುದು. ಇನ್ನೊಂದು ಕಡೆಯಲ್ಲಿ, ಮಾರ್ಕನ ೭ನೆಯ ಅಧ್ಯಾಯದಲ್ಲಿ, ‘ಕೊರ್ಬಾನ್’ ಎಂಬ ಪ್ರಸಂಗವಿದೆ. ತಂದೆತಾಯಿಗಳ ಪೋಷಣೆಗೆ ಒದಗಬೇಕಾದ ಸೊತ್ತನ್ನು ದೇವರಿಗೆ ಮುಡಿಪೆಂದು ಸಾರಿಬಿಟ್ಟರೆ ಮಗನು ಆ ಹೊಣೆಯಿಂದ ಬಿಡುಗಡೆಹೊಂದುವನೆಂಬ ಶಾಸ್ತ್ರಿಗಳ ಸಂಪ್ರದಾಯವನ್ನು ಯೇಸು ಕಟುವಾಗಿ ಖಂಡಿಸಿದನು. ದೇವರ ಹೆಸರಿನಲ್ಲಿ ತಂದೆತಾಯಿಗಳನ್ನು ಬಿಡಬೇಕಾಗಬಹುದೆಂದವನೇ, ದೇವರ ಹೆಸರನ್ನು ನೆವಮಾಡಿ ಅವರನ್ನು ಕೈಬಿಡಕೂಡದೆಂದೂ ಹೇಳಿದನು. ಯೋಹಾನನ ಪ್ರಕಾರ ಶಿಲುಬೆಯ ಮೇಲಿನಿಂದಲೂ ಆತನು ತಾಯಿಯನ್ನು ಶಿಷ್ಯನೊಬ್ಬನ ವಶಕ್ಕೆ ಒಪ್ಪಿಸಿದನು.

ಮಧ್ಯಯುಗದ ಮಹಾಪಂಡಿತನಾದ ತೋಮಸ್ ಅಕ್ವಿನಾಸನು ಹದಿಮೂರನೆಯ ಶತಮಾನದಲ್ಲಿ ಇದನ್ನು ಕ್ರಮಪಡಿಸಿದನು. ವಿವಾಹವಾಗುವುದು, ಬ್ರಹ್ಮಚರ್ಯವನ್ನು ಹಿಡಿಯುವುದು ಮುಂತಾದವುಗಳಲ್ಲಿ ಮಕ್ಕಳು ತಂದೆತಾಯಿಗಳ ಆಜ್ಞೆಗೆ ಬದ್ಧರಲ್ಲ. ಆದರೆ ಬೇರೆ ದಿಕ್ಕಿಲ್ಲದ ತಂದೆತಾಯಿಗಳನ್ನು ತೊರೆದು ಸನ್ಯಾಸಿಮಠವನ್ನು ಸೇರಕೂಡದು. ಅಕ್ರೈಸ್ತರ ಶಿಶುಗಳಿಗೆ ತಂದೆತಾಯಿಗಳ ಇಚ್ಛೆಗೆ ವಿರೋಧವಾಗಿ ದೀಕ್ಷಾಸ್ನಾನ ಕೊಡಬಹುದೇ ಎಂಬುದನ್ನೂ ಅವನು ಪ್ರತ್ಯೇಕವಾಗಿ ವಿಚಾರಮಾಡಿ, ಅದು ಸ್ವಭಾವನ್ಯಾಯಕ್ಕೆ ವಿರುದ್ಧವೆಂದು ನಿರ್ಣಯಿಸಿದನು. ಬುದ್ಧಿ ಬಲಿತು ಸ್ವತಃ ವಿವೇಚಿಸಬಲ್ಲವನಾದ ಮೇಲೆ ಮಾತ್ರ ತಂದೆತಾಯಿಗಳು ಒಪ್ಪದಿದ್ದರೂ ಅವನು ತಾನಾಗಿ ಬರಬಹುದು. ಈ ವಿವೇಕವು ಎಲ್ಲಾ ಕಾಲದಲ್ಲಿಯೂ ಪಾಲಿಸಲ್ಪಡಲಿಲ್ಲ. ಬೊಲೋನ್ಯದ ಯೆಹೂದ್ಯ ಬಾಲಕನಾದ ಎಡ್ಗಾರ್ಡೊ ಮೊರ್ತಾರನು ಮನೆಯ ದಾಸಿಯಿಂದ ಗುಟ್ಟಾಗಿ ದೀಕ್ಷಾಸ್ನಾನ ಹೊಂದಿದನೆಂಬ ಕಾರಣದಿಂದ ೧೮೫೮ರಲ್ಲಿ ಪೋಪರ ರಾಜ್ಯದ ಅಧಿಕಾರಿಗಳು ಅವನನ್ನು ತಂದೆತಾಯಿಗಳಿಂದ ಕಿತ್ತುಕೊಂಡರು. ಯುರೋಪು ಖಂಡವೇ ಅದರಿಂದ ಕಲಕಿಹೋಯಿತು.

ಲೂಥರನು ೧೫೨೯ರ ತನ್ನ ದೊಡ್ಡ ಪ್ರಶ್ನೋತ್ತರ ಗ್ರಂಥದಲ್ಲಿ ಈ ಆಜ್ಞೆಗೆ ಕೊಟ್ಟ ವಿಸ್ತಾರವನ್ನು ಮಿಕ್ಕ ಕೆಲವಕ್ಕೆ ಕೊಟ್ಟಿಲ್ಲ. ಸನ್ಮಾನವು ಪ್ರೀತಿಗಿಂತ ಮೇಲಾದದ್ದೆಂಬುದು ಅವನ ಮತ. ತಂದೆತಾಯಿಗಳು ಬಡವರಾದರೂ ಅಶಕ್ತರಾದರೂ ವಿಚಿತ್ರಸ್ವಭಾವದವರಾದರೂ ದೇವರು ಕೊಟ್ಟವರೆಂದು ಗಣಿಸಬೇಕು. ಯಜಮಾನ, ಅರಸ, ಬೋಧಕ ಇವರ ಅಧಿಕಾರವೆಲ್ಲವೂ ತಂದೆಯ ಅಧಿಕಾರದಿಂದಲೇ ಹೊರಟ ಕವಲುಗಳೆಂದು ಅವನು ವಾದಿಸಿದನು. ಕಥೋಲಿಕರ ೧೫೬೬ರ ಪ್ರಶ್ನೋತ್ತರ ಗ್ರಂಥವೂ ಬಿಷಪರನ್ನೂ ರಾಜ್ಯಾಧಿಕಾರಿಗಳನ್ನೂ ಇದೇ ಆಜ್ಞೆಯ ನೆರಳಿಗೆ ತಂದಿದೆ. ಈ ವಿಸ್ತರಣೆಯು ಮಂಗಳೂರಿನಲ್ಲಿ ಯಾವ ರೂಪವನ್ನು ಹೊಂದಿತೆಂಬುದು ಮುಂದೆ ಕಾಣುವುದು.

ಬಾಸೆಲ್ ಮಿಶನ್ನಿನ ಮೊದಲ ಮೂವರು, ಸಾಮುವೇಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬವರು, ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೬ರಲ್ಲಿ ಹರ್ಮನ್ ಮೋಗ್ಲಿಂಗರು ಬಂದು ಕೂಡಿಕೊಂಡರು. ಇವರ ಮುದ್ರಣಾಲಯ, ೧೮೪೩ರ ‘ಮಂಗಳೂರ ಸಮಾಚಾರ’, ಕನ್ನಡ ಕಾವ್ಯಗಳ ಪ್ರಕಟನೆ ಮುಂತಾದ ಸಾಹಿತ್ಯಸೇವೆಯು ವಾಚಕರಿಗೆ ಸುಪರಿಚಿತವಾದ್ದರಿಂದ ಅದನ್ನಿಲ್ಲಿ ಬೆಳೆಸಬೇಕಾಗಿಲ್ಲ. ಇವರ ಇಂಗ್ಲಿಷ್ ಶಾಲೆಯಲ್ಲಿ ಓದಿದವರಲ್ಲಿ ಆನಂದರಾವ್ ಕೌಂಡಿನ್ಯರು ಒಬ್ಬರು. ೧೮೨೫ರಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಇವರು ೧೮೪೪ರ ಜನವರಿಯಲ್ಲಿ ತಮ್ಮದೇ ಸಮಾಜದ ಇನ್ನಿಬ್ಬರು ತರುಣರೊಡನೆ ದೀಕ್ಷಾಸ್ನಾನವನ್ನು ಹೊಂದಿ ಹರ್ಮನ್ ಆನಂದರಾವ್ ಕೌಂಡಿನ್ಯರೆನಿಸಿದರು. ಪಟ್ಟಣದಲ್ಲಿ ದೊಡ್ಡ ಕೋಲಾಹಲವೆದ್ದಿತು. ೧೮೪೬ರಲ್ಲಿ ಅವರು ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ ವೇದಶಾಸ್ತ್ರವನ್ನು ಕಲಿತು, ೧೮೫೧ರಲ್ಲಿ ಬೋಧಕಪಟ್ಟವನ್ನು ಪಡೆದು ಹಿಂದಿರುಗಿ, ಮಂಗಳೂರಿನಲ್ಲಿಯೂ ಕೊಡಗಿನಲ್ಲಿಯೂ ಕೆಲಸಮಾಡಿ ೧೮೯೩ರಲ್ಲಿ ತೀರಿಕೊಂಡರು.

ಆ ಕೋಲಾಹಲವನ್ನು ಬರಿಯ ಜಾತ್ಯಭಿಮಾನವೆಂದು ತಳ್ಳಿಹಾಕುವುದು ಸುಲಭ. ಮಿಶನರಿಗಳ ಕಡೆಯ ಬರೆಹಗಾರರು ಅನೇಕರು ಹಾಗೆಯೇ ಮಾಡಿದ್ದಾರೆ. ಆದರೆ ಅಲ್ಲಿ ಎದುರುಬದುರಾದದ್ದು ಸನ್ಮಾನದ ಎರಡು ಕಲ್ಪನೆಗಳು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ತಾಯಿತಂದೆಗಳನ್ನು ದೇವರೆಂದೇ ಭಾವಿಸಬೇಕೆಂದು ಶಿಷ್ಯನಿಗೆ ಉಪದೇಶಿಸುವುದು. ಅದಕ್ಕಿಂತಲೂ ಮುಖ್ಯವಾಗಿ, ಹಿಂದೂ ಗೃಹಸ್ಥನ ಮನಸ್ಸಿನಲ್ಲಿ ಮಗನ ಕರ್ತವ್ಯವು ತಂದೆಯ ಮರಣದೊಡನೆ ಮುಗಿಯದು. ಒಂದರ್ಥದಲ್ಲಿ ಅದು ಅಲ್ಲಿಯೇ ಪ್ರಾರಂಭವಾಗುವುದು. ಚಿತೆಗೆ ಬೆಂಕಿಯಿಡುವುದು, ಪಿಂಡಪ್ರದಾನ, ವರ್ಷವರ್ಷದ ಶ್ರಾದ್ಧ ಇವುಗಳಿಂದಲೇ ಪಿತೃಋಣವು ತೀರತಕ್ಕದ್ದು. ‘ಪುತ್’ ಎಂಬ ನರಕದಿಂದ ತ್ರಾಣಮಾಡುವವನೇ ಪುತ್ರನೆಂದು ಮನುಸ್ಮೃತಿಯು ಹೇಳುವ ನಿರುಕ್ತಿಯು ಭಾಷಾಶಾಸ್ತ್ರಕ್ಕೆ ಒಪ್ಪುವುದೋ ಇಲ್ಲವೋ, ಮನೆಮನೆಯ ನಂಬುಗೆಯಾಗಿತ್ತು. ಮಗನು ಮತಾಂತರ ಹೊಂದಿದರೆ ಅವನ ಕೈಯ ನೀರು ತಂದೆಗೆ ಸಲ್ಲದು, ಬದುಕಿದ್ದಾಗಲೂ ಸತ್ತಮೇಲೂ. ಉಣ್ಣಿಸುವುದು, ಕುಡಿಸುವುದು ಎಂದು ರಬ್ಬಿಗಳು ವಿವರಿಸಿದ ಸನ್ಮಾನವನ್ನೇ ಅವನು ಮಾಡಲಾರನು. ಮಾಡಲು ಬಂದರೆ ತಂದೆಯು ಸ್ವೀಕರಿಸಲಾರನು. ಪತಿತನಾದವನನ್ನು ಸತ್ತವನೆಂದು ಭಾವಿಸಿ ಘಟಸ್ಫೋಟ ಮಾಡುವ ವಿಧಿಯು ಧರ್ಮಶಾಸ್ತ್ರದಲ್ಲಿದೆ. ಮಗನು ತಂದೆಗೆ ಮಾಡಬೇಕಾದ ಕರ್ಮವನ್ನು ತಂದೆಯೇ ಬದುಕಿರುವ ಮಗನಿಗೆ ಮಾಡಬೇಕಾದ ಈ ವಿಪರ್ಯಾಸದ ಮುಂದೆ, ಸತ್ತವರನ್ನು ಹೂಳುವ ಕೆಲಸವನ್ನು ಸತ್ತವರಿಗೇ ಬಿಡಬೇಕೆಂಬ ಸುವಾರ್ತೆಯ ಮಾತು ಮಂಗಳೂರಿನ ಅಗ್ರಹಾರದವರ ಕಿವಿಗೆ ಹೇಗೆ ಬಿದ್ದಿರಬೇಕೆಂಬುದನ್ನು ಊಹಿಸಬಹುದು.

ಮಿಶನರಿಗಳ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು. ಹಿಂದೂ ಧರ್ಮಶಾಸ್ತ್ರದ ಪ್ರಕಾರವೇ ೧೬ನೆಯ ವರ್ಷಕ್ಕೆ ಬಾಲ್ಯವು ಮುಗಿಯುತ್ತದೆ. ಭಾರತಕ್ಕೆಲ್ಲ ೧೮ ವರ್ಷದ ವಯಸ್ಸನ್ನು ಸಾಮಾನ್ಯವಾಗಿ ಗೊತ್ತುಮಾಡಿದ ಕಾಯಿದೆಯು ೧೮೭೫ರದು. ಹತ್ತೊಂಬತ್ತರ ಆಸುಪಾಸಿನಲ್ಲಿದ್ದ ಕೌಂಡಿನ್ಯರು ಎರಡು ಲೆಕ್ಕದಲ್ಲಿಯೂ ಬಾಲಕರಲ್ಲ. ಅಕ್ವಿನಾಸನ ಲೆಕ್ಕದಲ್ಲಿಯೂ ಅಲ್ಲ. ಅವರನ್ನು ಯಾರೂ ಕಿತ್ತುಕೊಂಡು ಹೋಗಲಿಲ್ಲ. ಆದರೂ ಶಾಲೆಗೆ ಮಗನನ್ನು ಕಳುಹಿಸಿದ ತಂದೆಯು ಇಂಗ್ಲಿಷನ್ನು ಕಲಿಸುವುದಕ್ಕಾಗಿ ಕಳುಹಿಸಿದನೇ ಹೊರತು ಇದಕ್ಕಾಗಿ ಅಲ್ಲವೆಂಬ ದೂರಿಗೆ ವಯಸ್ಸಿನ ಲೆಕ್ಕದಿಂದ ಉತ್ತರ ಸಿಗದು. ಗುರುವಿನ ಅಧಿಕಾರವು ತಂದೆಯಿಂದ ಹೊರಟ ಕವಲೆಂದು ಲೂಥರನ ಅನುಯಾಯಿಗಳು ನಿಜವಾಗಿ ನಂಬುವುದಾದರೆ, ಆ ಕವಲು ಬುಡಕ್ಕೇ ವಿರೋಧವಾಗಿ ಬೆಳೆಯಬಹುದೇ ಎಂಬ ಪ್ರಶ್ನೆಯು ಅವರಿಗೂ ತಪ್ಪಿದ್ದಲ್ಲ.

೧೮೫೦ರ ೨೧ನೆಯ ಕಾಯಿದೆಯು ಈ ಕಲಹವನ್ನು ಸೊತ್ತಿನ ನೆಲೆಗೆ ಇಳಿಸಿತು. ಮತವನ್ನು ಬಿಟ್ಟದ್ದರಿಂದಲಾಗಲಿ ಜಾತಿಯನ್ನು ಕಳೆದುಕೊಂಡದ್ದರಿಂದಲಾಗಲಿ ಯಾರೂ ದಾಯಭಾಗದ ಹಕ್ಕನ್ನು ಕಳೆದುಕೊಳ್ಳತಕ್ಕದ್ದಲ್ಲವೆಂದು ಅದರ ತಾತ್ಪರ್ಯ. ಬಂಗಾಳದಿಂದಲೂ ಮದ್ರಾಸಿನಿಂದಲೂ ಇದಕ್ಕೆ ವಿರೋಧವಾಗಿ ಹೋದ ಬಿನ್ನಹಪತ್ರಗಳ ಮುಖ್ಯ ವಾದವು ಇದೇ: ದಾಯವೂ ಪಿಂಡವೂ ಒಂದಕ್ಕೊಂದು ಅಂಟಿಕೊಂಡಿರುವಾಗ ಪಿಂಡವನ್ನು ಕೊಡದವನಿಗೆ ದಾಯವು ಹೇಗೆ ಸಲ್ಲುವುದು? ಸರಕಾರವು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ನೋಡಿತು. ಬಿನ್ನಹ ಮಾಡಿದವರು ಋಣವನ್ನು ನೋಡಿದರು. ಕೊರ್ಬಾನಿನ ಪ್ರಸಂಗವನ್ನು ಬಲ್ಲ ಕ್ರೈಸ್ತನಿಗೆ ಈ ವಾದವು ಅಪರಿಚಿತವಾಗಿ ತೋರಬಾರದಾಗಿತ್ತು.

ತಂದೆಯನ್ನು ಮೀರಿ ದೇವರನ್ನು ಹಿಡಿದ ಮಗನ ಕಥೆಯು ಕನ್ನಡಿಗರಿಗೆ ಹೊಸದಲ್ಲವೆಂಬುದೂ ಇಲ್ಲಿ ಸ್ಮರಣೀಯ. ಪ್ರಹ್ಲಾದನು ಹಿರಣ್ಯಕಶಿಪುವಿನ ಮಾತು ಕೇಳಲಿಲ್ಲ. ಆದರೆ ತಂದೆಯನ್ನು ನಿಂದಿಸಲಿಲ್ಲ. ಕೊನೆಗೆ ನರಹರಿಯಲ್ಲಿ ತಂದೆಯ ಸದ್ಗತಿಯನ್ನೇ ಬೇಡಿಕೊಂಡನು. ಮಾತು ಕೇಳದೆಯೂ ಸನ್ಮಾನಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ಬೈಬಲಿನಲ್ಲಿಯೂ ಹುಡುಕಬೇಕಾಗುವುದು. ಕೌಂಡಿನ್ಯರ ವಿರೋಧಿಗಳಿಗೆ ಪ್ರಹ್ಲಾದನು ಪೂಜ್ಯನಾಗಿದ್ದನು. ಮಿಶನರಿಗಳು ಅವನ ಕಥೆಯನ್ನು ಓದಿಬಲ್ಲವರಾಗಿದ್ದರು. ಆದರೆ ಪ್ರಹ್ಲಾದನು ಹಿಡಿದದ್ದು ಕುಲಕ್ಕೆ ಪರಿಚಿತನಾದ ಹರಿಯನ್ನು, ಹೊರಗಿನಿಂದ ಬಂದ ದೇವರನ್ನಲ್ಲವೆಂದು ಸಂಪ್ರದಾಯಸ್ಥರು ಹೇಳಬಹುದಾಗಿತ್ತು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ.

ಬ್ರಾಹ್ಮಣ ತರುಣರ ಮತಾಂತರವು ಹೆಸರಾದರೂ ಸಂಖ್ಯೆಯಲ್ಲಿ ಅದು ಅತ್ಯಲ್ಪ. ತುಳುನಾಡಿನ ಬಾಸೆಲ್ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ವಿಷಯದಲ್ಲಿ ಈ ಆಜ್ಞೆಯು ಬೇರೊಂದು ತೊಡಕನ್ನು ಎದುರಿಸಿತು. ಬಿಲ್ಲವರಲ್ಲಿ ರೂಢಿಯಾಗಿದ್ದದ್ದು ಅಳಿಯಸಂತಾನದ ಕಟ್ಟು; ಅದನ್ನು ಐತಿಹ್ಯವು ಭೂತಾಳಪಾಂಡ್ಯನಿಗೆ ಆರೋಪಿಸುವುದು. ಅದರಲ್ಲಿ ಕುಲವು ತಾಯಿಯ ಕಡೆಯಿಂದ ನಡೆಯುವುದು. ಸೊತ್ತು ಮಗನಿಗೆ ಬಾರದೆ ಸೋದರಳಿಯನಿಗೆ ಹೋಗುವುದು. ಮಕ್ಕಳ ಮೇಲಣ ಅಧಿಕಾರವು ಬಹುಮಟ್ಟಿಗೆ ಸೋದರಮಾವನದು. ತಂದೆಯು ಪ್ರೀತಿಗೆ ಪಾತ್ರನು, ಆದರೆ ಮನೆಯ ಯಜಮಾನನಲ್ಲ. ಅವನ ಯಜಮಾನಿಕೆಯೇನಿದ್ದರೂ ತನ್ನ ಅಕ್ಕತಂಗಿಯರ ಮನೆಯಲ್ಲಿ. ಇಂತಹ ಮನೆಯಲ್ಲಿ ತಂದೆಯ ಮಾತು ಕೇಳಬೇಕೆಂದೂ, ತಂದೆಯಾದವನು ಮಕ್ಕಳನ್ನು ಶಿಕ್ಷೆಯಲ್ಲಿ ಬೆಳೆಸಬೇಕೆಂದೂ ಬೋಧಿಸುವುದೆಂದರೆ ಇದ್ದ ವಿಧೇಯತೆಯನ್ನು ಬಲಪಡಿಸುವುದಲ್ಲ. ಅದನ್ನು ಒಬ್ಬನಿಂದ ಕಿತ್ತು ಇನ್ನೊಬ್ಬನಿಗೆ ಒಪ್ಪಿಸುವುದು. ಆಜ್ಞೆಯಲ್ಲಿ ಸೋದರಮಾವನ ಹೆಸರೇ ಇಲ್ಲ. ದೇಶೀಯ ಕ್ರೈಸ್ತರಿಗೂ ಅನ್ವಯಿಸಿದ ೧೮೬೫ರ ಉತ್ತರಾಧಿಕಾರ ಕಾಯಿದೆಯಿಂದ ತಂದೆಯ ಸೊತ್ತು ಹೆಂಡತಿಮಕ್ಕಳಿಗೆ ಬರುವಂತಾದದ್ದೂ ಇದೇ ದಿಕ್ಕಿನಲ್ಲಿ ಕೆಲಸಮಾಡಿತು. ಸೋದರಮಾವನಿಂದ ತಂದೆಯ ಕಡೆಗೆ ಕುಟುಂಬದ ಭಾರವು ಸರಿಯುವ ಈ ಕ್ರಿಯೆಯು ತುಳುನಾಡಿನ ಮಿಕ್ಕ ಸಮಾಜಗಳಲ್ಲಿ ನಿಧಾನವಾಗಿ ನಡೆಯಿತು. ಅಳಿಯಸಂತಾನದವರಿಗೆ ಸೊತ್ತಿನ ಪಾಲನ್ನು ಕೇಳುವ ಅವಕಾಶವನ್ನು ಕೊಟ್ಟ ಮದ್ರಾಸಿನ ಕಾಯಿದೆಯು ಬಂದದ್ದು ೧೯೪೯ರಲ್ಲಿ.

ತುಳುವಿನ ಸಂಬಂಧವಾಚಕಗಳು ಇಲ್ಲಿ ಒಂದು ಸ್ವಾರಸ್ಯವನ್ನು ಒದಗಿಸುತ್ತವೆ. ಕನ್ನಡದ ಕಿವಿಗೆ ತಲೆಕೆಳಗಾಗಿ ಕೇಳುವಂತೆ, ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಜೋಡಿಯಾಗಿ ಹೇಳುವಾಗಲೂ ಅಪ್ಪೆಯೇ ಮುಂದು. ಗ್ರೈನರರು ಮತ್ತಾಯನ ಸುವಾರ್ತೆಯನ್ನು ೧೮೪೨ರಲ್ಲಿಯೂ ಹೊಸ ಒಡಂಬಡಿಕೆಯನ್ನೆಲ್ಲ ೧೮೪೭ರಲ್ಲಿಯೂ ತುಳುವಿಗೆ ತಂದಾಗ ಕನ್ನಡ ಕಲಿತು ತುಳುವಿಗೆ ಹೊರಳುವ ಯಾವ ಜರ್ಮನನಾದರೂ ಇಲ್ಲಿ ಎಡವುವ ಸಂಭವವಿತ್ತು. ಯಾಜಕಕಾಂಡದ ವಾಕ್ಯದಲ್ಲಿಯೂ ಇಬ್ರಿಯ ಮೂಲದಲ್ಲಿ ತಾಯಿಯೇ ಮೊದಲು, ತಂದೆ ಆಮೇಲೆ ಎಂಬುದನ್ನು ರಬ್ಬಿಗಳು ಆಶ್ಚರ್ಯದಿಂದ ಗುರುತಿಸಿ, ಇಬ್ಬರೂ ಸಮಾನರೆಂದು ತಿಳಿಸುವುದಕ್ಕಾಗಿ ಹೀಗಿದೆಯೆಂದು ಕಾರಣವನ್ನು ಹುಡುಕಿದರು. ತುಳುವರಿಗೆ ಆ ಕಾರಣವು ಬೇಕಾಗುತ್ತಿರಲಿಲ್ಲ.

ಮನೆಯನ್ನು ಕಳೆದುಕೊಂಡು ಬಂದವರಿಗೆ ಮಿಶನ್ನೇ ಮನೆಯಾಗಬೇಕಾಯಿತು. ನೆಲ, ಬಿಡಾರ, ಅನಾಥಶಾಲೆ, ೧೮೫೧ರ ನೆಯ್ಗೆಯ ಕಾರ್ಖಾನೆ, ೧೮೬೫ರ ಹೆಂಚಿನ ಕಾರ್ಖಾನೆ ಇವೆಲ್ಲವೂ ಕಾಲಕ್ರಮದಲ್ಲಿ ಒಂದೇ ಆಡಳಿತದ ಕೆಳಗೆ ಬಂದುವು. ಹೀಗಾಗಿ ಪಾದ್ರಿಯು ಬೋಧಕನೂ ಭೂಮಿಯ ಒಡೆಯನೂ ಕೂಲಿಯ ಧಣಿಯೂ ಒಟ್ಟಿಗೇ ಆಗುವ ಸಂದರ್ಭವು ಒದಗಿತು. ಯಜಮಾನನ ಅಧಿಕಾರವು ತಂದೆಯ ಅಧಿಕಾರದ ಕವಲೆಂಬ ಲೂಥರನ ವ್ಯಾಖ್ಯಾನವು ಇಲ್ಲಿ ಉಪದೇಶವಾಗಿ ಮಾತ್ರ ಉಳಿಯದೆ ದಿನಚರಿಯಾಯಿತು. ಅದರಿಂದ ನಿರ್ಗತಿಕರಿಗೆ ಆಶ್ರಯವು ದೊರೆತದ್ದು ದಿಟ. ದೊಡ್ಡವರಾದ ಮೇಲೂ ಮಕ್ಕಳಾಗಿಯೇ ಉಳಿಯಬೇಕಾದ ಇಕ್ಕಟ್ಟು ಅದರ ಇನ್ನೊಂದು ಮುಖ. ಮಾತು ಕೇಳುವುದಕ್ಕೆ ಕಾಲದ ಎಲ್ಲೆಯುಂಟು, ಸನ್ಮಾನಕ್ಕಿಲ್ಲ ಎಂಬ ಭೇದವು ಇಲ್ಲಿ ಅಳಿಸಿಹೋಗುವ ಹಾಗಿತ್ತು.

ಮಂಗಳೂರಿನ ಕೊಂಕಣಿ ಕಥೋಲಿಕರ ಚರಿತ್ರೆಯು ಇದಕ್ಕೆ ವ್ಯತಿರಿಕ್ತವಾದದ್ದು. ಅವರು ಮತಾಂತರದ ಗಾಯವನ್ನು ಗೋವೆಯಲ್ಲಿಯೇ ಹಲವು ತಲೆಗಳ ಹಿಂದೆ ಅನುಭವಿಸಿ ಬಂದವರು. ಇಂಗ್ಲಿಷ್ ಜೆಸುಯಿಟನಾದ ತೋಮಸ್ ಸ್ಟೀಫನ್ಸನ ‘ಕ್ರಿಸ್ತಪುರಾಣ’ವು ೧೬೧೬ರಲ್ಲಿಯೂ, ಅವನ ಕೊಂಕಣಿ ಪ್ರಶ್ನೋತ್ತರ ಗ್ರಂಥವು ಅವನು ತೀರಿಕೊಂಡ ಮೇಲೆ ೧೬೨೨ರಲ್ಲಿಯೂ ಅಚ್ಚಾದುವು, ಪುರಾಣವು ೧೯೦೭ರಲ್ಲಿ ಮಂಗಳೂರಿನಲ್ಲಿಯೇ ಜೋಸೆಫ್ ಸಲ್ಡಾನ್ಹರ ಸಂಪಾದಕತ್ವದಲ್ಲಿ ಮರುಮುದ್ರಣ ಹೊಂದಿತು. ೧೭೮೪ರಿಂದ ೧೭೯೯ರ ವರೆಗೆ ಟಿಪ್ಪುವಿನ ಸೆರೆಯಲ್ಲಿದ್ದಾಗ ಪಾದ್ರಿಗಳಿಲ್ಲದ ಜನರು ಈ ಪುರಾಣವನ್ನು ಓದಿಕೊಂಡು ನಂಬುಗೆಯನ್ನು ಉಳಿಸಿಕೊಂಡರೆಂಬುದು ಅವರ ಐತಿಹ್ಯ. ಇಗರ್ಜಿಯಿಲ್ಲದೆಡೆಯಲ್ಲಿ ಬೋಧಕರಾಗಬಲ್ಲವರು ಮನೆಯ ಹಿರಿಯರೇ. ಸಂಜೆಯ ಪ್ರಾರ್ಥನೆ ಮುಗಿದ ಮೇ���ೆ ಮಕ್ಕಳು ಹಿರಿಯರೆದುರಿಗೆ ಕೈಜೋಡಿಸಿ ‘ಬೆಸಾಂವ್’ ಬೇಡುವ ಪದ್ಧತಿಯು ಈ ಮನೆಗಳಲ್ಲಿ ಬೆಳೆದುಬಂದದ್ದು. ಶಬ್ದವು ಪೋರ್ತುಗೀಸರದು, ಆಚಾರವು ಕಾಲಿಗೆರಗಿ ಆಶೀರ್ವಾದ ಬೇಡುವ ನಾಡಿನ ಆಚಾರದ ಒಡಹುಟ್ಟಿದ್ದು. ಮದುವೆಯ ಮುಂಚಿನ ರೋಸಿನಲ್ಲಿ ತೆಂಗಿನಹಾಲನ್ನು ಹಚ್ಚಿ ಹರಸುವಾಗಲೂ, ಸೆಪ್ಟೆಂಬರ್ ೮ರ ಮೊಂತಿಹಬ್ಬದಲ್ಲಿ ಹೊಸ ತೆನೆಯನ್ನು ಹಿರಿಯರು ಹಂಚುವಾಗಲೂ ಆಜ್ಞೆಯು ಮಾತಿನ ಹಂಗಿಲ್ಲದೆ ಕೈಯಿಂದ ಕೈಗೆ ಬರುತ್ತದೆ. ವಿವಾಹದ ವಿಷಯದಲ್ಲಿ ಮಾತ್ರ ಇವರ ಸಭೆಯ ಶಾಸನವು ಇವರ ಆಚಾರಕ್ಕಿಂತ ಮಕ್ಕಳ ಪಕ್ಷಪಾತಿ: ತಂದೆತಾಯಿಗಳ ಒಪ್ಪಿಗೆಯಿಲ್ಲದ ಮದುವೆಯನ್ನು ಸಭೆಯು ಮೆಚ್ಚದಿದ್ದರೂ ಅದು ಅಸಿಂಧುವಲ್ಲವೆಂದು ೧೫೬೩ರಲ್ಲಿ ತ್ರೆಂತಿನ ಮಹಾಸಭೆಯು ವಿಧಿಸಿತು. ಲೂಥರನು ಗುಟ್ಟಾದ ನಿಶ್ಚಯಗಳನ್ನು ಅಸಿಂಧುವೆಂದೇ ಎಣಿಸಿದ್ದನು.

ಇನ್ನು ಉಳಿದಿರುವುದು ಪೌಲನ ವಾಕ್ಯದ ಎರಡನೆಯ ಅರ್ಧ. ಉಪದೇಶಕರು ಮೊದಲನೆಯ ಅರ್ಧವನ್ನು ಹೇಳಿದಷ್ಟು ಇದನ್ನು ಹೇಳಿಲ್ಲ. ತಂದೆಗಳು ಮಕ್ಕಳಿಗೆ ಕೋಪವೆಬ್ಬಿಸಬಾರದೆಂದು ಎಫೆಸದವರ ಪತ್ರಿಕೆ. ಅವರು ಮನಗುಂದದಂತೆ ಕೆಣಕಬಾರದೆಂದು ಕೊಲೊಸ್ಸೆಯವರ ಪತ್ರಿಕೆ. ಮಗನ ಪ್ರಾಣದ ಮೇಲೆಯೂ ತಂದೆಗೆ ಹಕ್ಕನ್ನು ಕೊಟ್ಟಿದ್ದ ರೋಮಿನ ಶಾಸನದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹಟಮಾರಿಯಾದ ಮಗನನ್ನು ಊರಹಿರಿಯರ ಮುಂದೆ ನಿಲ್ಲಿಸಿ ಕಲ್ಲೆಸೆದು ಕೊಲ್ಲಿಸಬಹುದೆಂಬ ಧರ್ಮೋಪದೇಶಕಾಂಡದ ವಿಧಿಯ ಪಕ್ಕದಲ್ಲಿಟ್ಟು ನೋಡಿದರೆ ಅದರ ತೂಕವು ಇನ್ನೂ ಹೆಚ್ಚುವುದು.

ಮೋಗ್ಲಿಂಗರು ೧೮೪೮ರಿಂದ ೧೮೫೩ರ ವರೆಗೆ ಅಚ್ಚುಹಾಕಿಸಿದ ಕನ್ನಡ ಗ್ರಂಥಮಾಲೆಯಲ್ಲಿ ಲಕ್ಷ್ಮೀಶನ ಜೈಮಿನಿಭಾರತವೂ ಒಂದು. ಅದರಲ್ಲಿ ತಂದೆಮಕ್ಕಳ ಎರಡು ಪ್ರಸಂಗಗಳಿವೆ. ಯುದ್ಧಕ್ಕೆ ತಡವಾಗಿ ಬಂದನೆಂದು ಹಂಸಧ್ವಜನು ಮಗನಾದ ಸುಧನ್ವನನ್ನು ಕುದಿಯುವ ಎಣ್ಣೆಗೆ ಹಾಕಿಸುತ್ತಾನೆ. ಸುಧನ್ವನು ತಂದೆಯನ್ನು ದೂರದೆ ಹರಿಯನ್ನು ನೆನೆಯುತ್ತ ಇಳಿಯುತ್ತಾನೆ. ಮಣಿಪುರದ ಬಭ್ರುವಾಹನನಾದರೋ ಯಜ್ಞಾಶ್ವವನ್ನು ಕಟ್ಟಿದ ಮೇಲೆ ಅದು ತನ್ನ ತಂದೆ ಅರ್ಜುನನದೆಂದು ತಿಳಿದು, ತಾಯಿಯ ಮಾತಿನಂತೆ ಕಾಣಿಕೆಗಳೊಡನೆ ಬಂದು ಕಾಲಿಗೆರಗುತ್ತಾನೆ. ಅರ್ಜುನನು ಅವನನ್ನು ಕಾಲಿನಿಂದ ಒದೆದು, ಅವನ ಹುಟ್ಟನ್ನೇ ಹೀಯಾಳಿಸುತ್ತಾನೆ. ಅಲ್ಲಿಂದ ಮುಂದೆ ಮಗನು ಬಿಲ್ಲನ್ನೆತ್ತುತ್ತಾನೆ, ತಂದೆಯ ತಲೆ ಉರುಳುತ್ತದೆ. ಅದನ್ನು ಮತ್ತೆ ಕೂಡಿಸುವುದಕ್ಕೆ ನಾಗಲೋಕದ ಮಣಿಯೂ ಕೃಷ್ಣನೂ ಬೇಕಾಗುತ್ತಾರೆ. ಮಂಗಳೂರಿನ ಪಾಠಶಾಲೆಗಳಲ್ಲಿ ಎಫೆಸದವರ ಪತ್ರಿಕೆಯ ಆರನೆಯ ಅಧ್ಯಾಯವನ್ನು ವಿವರಿಸಬೇಕಾದ ಉಪಾಧ್ಯಾಯನಿಗೆ, ಮೊದಲನೆಯ ವಾಕ್ಯಕ್ಕೆ ಸುಧನ್ವನೂ ನಾಲ್ಕನೆಯ ವಾಕ್ಯಕ್ಕೆ ಬಭ್ರುವಾಹನನೂ ಅದೇ ಅಚ್ಚುಕೂಟದಿಂದ ಬಂದ ಪುಸ್ತಕದಲ್ಲಿಯೇ ಸಿಕ್ಕುತ್ತಿದ್ದರು.